ಹಂದಿಮಾಂಸದ ಮಾಪ್‌ನಿಗೆ ಸಿಕ್ಕಿದ ಜಾಗ

ನಾರಿಚ್, 9 ನವೆಂಬರ್ 1854, ಗುರುವಾರ

ಎಷ್ಟು ತಿಕ್ಕಿದರೂ ಬೆರಳಿನ ಮಸಿ ಹೋಗುತ್ತಿಲ್ಲ. ಅಗಾಥಾಳಿಗೆ ಈಗ ಈ ಮಸಿಯೇ ನಾಚಿಕೆ. ಇದರ ಅನ್ನ ಉಂಡೇ ಬೆಳೆದವಳು!

ಮದುವೆಯಾದ ಮೇಲೆ ಮಗಳು ಅಚ್ಚುಕೂಟಕ್ಕೆ ಬಂದದ್ದು ಇವತ್ತೇ ಮೊದಲು. ನಾನು ಅಚ್ಚು ಹಾಕುತ್ತಿರುವ ಊರಿನ ಡೈರೆಕ್ಟರಿಯಲ್ಲಿ ಅವಳ ಗಂಡ ಗಣ್ಯರ ಪುಟದಲ್ಲಿದ್ದಾನೆ. ನಾನು ಕಸುಬಿನವರ ಪುಟದಲ್ಲಿ, ಹಂದಿಮಾಂಸ ಮಾರುವ ಮಾಪ್‌ನ ಮೇಲಿನ ಸಾಲಿನಲ್ಲಿ.

"ಅಪ್ಪಾ, ಅಲ್ಲಿಂದ ನಿನ್ನ ಹೆಸರು ತೆಗೆದ್ಬಿಡು. ನಮ್ಮತ್ತೆ ಆ ಪುಸ್ತಕಾನ ಬಂದವ್ರಿಗೆಲ್ಲ ತೋರಿಸ್ತಾರೆ."

"ಊರೋರ ಹೆಸರೆಲ್ಲ ಹಾಕಿ ನಂದೇ ಬಿಡ್ಲಾ?"

"ನೀನು ಹೆಂಗೂ ಊರಿಗೆಲ್ಲ ಗೊತ್ತಲ್ಲಪ್ಪಾ."

ಕೈಗವಸು ಬಿಚ್ಚದೆಯೇ ಹೇಳಿ ಹೊರಟಳು.

ನನ್ನ ಸಾಲನ್ನು ನಾನೇ ಕಿತ್ತೆ. ಅಲ್ಲಿ ತೆರಪು ಬಿಟ್ಟರೆ ಅಚ್ಚುಮೊಳೆಗಳೆಲ್ಲ ಉದುರುತ್ತವೆ. ಕೆಳಗಿನ ಸಾಲುಗಳನ್ನು ಮೇಲಕ್ಕೆ ತಳ್ಳಿ ಬಿಗಿದೆ. ಮಾಪ್ ನನ್ನ ಜಾಗಕ್ಕೆ ಬಂದ. ಪುಣ್ಯವಂತ, ಅವನ ಮಗಳು ಕಟುಕನನ್ನೇ ಮದುವೆಯಾದಳು.

ಮೊಳೆ ಜೋಡಿಸುವ ಸೈಲಸ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಯಜಮಾನ್ರೇ, ಕೊನೇ ಹಾಳೇಲಿ ಮುದ್ರಕನ ಹೆಸರು ಇರ್ಲೇಬೇಕು, ಕಾನೂನು. ಯಾವ ಅಕ್ಷರದಲ್ಲಿ ಹಾಕ್ಲಿ?"

ಹರಾಜಿನ ಭಿತ್ತಿಪತ್ರಕ್ಕೆ ಬಳಸುವ ದಪ್ಪ ಮರದ ಅಕ್ಷರಗಳನ್ನು ತೋರಿಸಿದೆ. "ಅದ್ರಲ್ಲೇ ಹಾಕು. ಪುಟ ತುಂಬ್ಲಿ."

ಸೈಲಸ್ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಆ ಹಾಳೆ ಈಗ ಎದುರಿಗೇ ಒಣಗುತ್ತಿದೆ, ನಗು ಬರುತ್ತಿಲ್ಲ. ಅವಳ ಅತ್ತೆ ಅದನ್ನು ನೋಡುವ ಮೊದಲೇ ಅಗಾಥಾ ಪುಸ್ತಕದಿಂದ ಕತ್ತರಿಸಿ ತೆಗೆಯುತ್ತಾಳೆ. ಹರಿದ ಗುರುತು ಕೂಡ ಉಳಿಯುವುದಿಲ್ಲ. ಹೊಲಿಗೆಯ ಬುಡಕ್ಕೆ ಚಾಕು ಇಟ್ಟು ಹಾಳೆ ಬಿಡಿಸುವುದನ್ನು ಅವಳ ಕೈ ಹಿಡಿದು ಕಲಿಸಿದವನು ನಾನೇ.