ನಾಳೆನ ಬೇಕಾದ ಹಲ್ಲಿನ ಸೆಟ್ಟು

ಸದರ್ ಓಣಿಯ ಹಲ್ಲಿನ ಡಾಕ್ಟರ್ ಕೀರ್ತಿ ಅವರಿಗೆ ವಾಡಿ ಓಣಿಯ ಗೌರವ್ವನ ನಮಸ್ಕಾರ.

ಈ ಪರ ಊರಾಗ ನೀವೂ ನಮ್ಮ ಕಡಿಯವರು ಅಂತ ಕನ್ನಡದಾಗ ಬರದೀನ್ರಿ. ನನ್ನ ಹಲ್ಲಿನ ಸೆಟ್ಟು ಮುಂದಿನ ವಾರ ಅಂದಿದ್ರಿ. ನಾಳೆನ ಕೊಡಾಕ ಆಗತೈತೇನ್ರಿ? ಒಸಡಿಗೆ ಒತ್ತಿದ್ರೂ ತಡಕೋತೀನಿ.

ನಮ್ಮ ಮನಿಯವರಿಗೆ ಲಕ್ವಾ ಹೊಡದು ಮೂರು ದಿನ ಆತು, ದವಾಖಾನಿಯಾಗ ಕಣ್ಣ ತೆಗದಿಲ್ಲ. ಹೆಸರು ಹಿಡದು ಜೋರಾಗಿ ಕರೀರಿ ಅಂತಾಳ ಅಲ್ಲಿ ನರ್ಸು. ಲಗ್ನದಾಗ ಒಡಪಿನ ಪದ ಕಟ್ಟಿ ಅವರ ಹೆಸರು ಹೇಳಿದ್ದಷ್ಟ. ನಲವತ್ತು ವರ್ಷದಾಗ ಹೆಸರು ಹಿಡದು ಕರದಾಕಿ ಅಲ್ಲ ನಾ. ನಿನ್ನೆ ಧೈರ್ಯ ಮಾಡಿ ಕರದೆ. ಬೊಚ್ಚ ಬಾಯಾಗಿಂದ ಬರೇ ಗಾಳಿ ಬಂತು. ಅವರಿಗೆ ಹೆಂಗ ತಿಳೀಬೇಕ್ರಿ?

ಸೆಟ್ಟು ಹಾಕಿದ ಮ್ಯಾಲ ಮೊದಲು ನಿಮ್ಮ ಮುಂದ ಹೇಳಿ ನೋಡತೀನಿ. ಬರೋಬರ್ ಕೇಳಿಸ್ತೋ ಇಲ್ಲೋ ಹೇಳ್ರಿ, ನಗಬ್ಯಾಡ್ರಿ. ಹೆಸರು ನನ್ನ ಸಹಿಯಾಗ ಐತಿ.

ಗೌರವ್ವ ಸಂಗಪ್ಪ ಹೂಗಾರ