ಅರವತ್ತೆರಡು ಎಂದು ಓದಿದ ಗಾಳಿ

ಒನ್ ಟೌನ್, ವಿಜಯವಾಡ
೨೩ ಡಿಸೆಂಬರ್ ೨೦೧೮, ಭಾನುವಾರ

ಪ್ರೀತಿಯ ಪುಂಡಲೀಕ ಅವರಿಗೆ,

ಈ ಪತ್ರದಲ್ಲಿ ಬರೆಯಲಿರುವುದನ್ನು ಹೇಳದೆಯೇ ಬಿಟ್ಟುಬಿಡುವವಳಿದ್ದೆ. ಗುರುವಾರ ನೀವು ಬಂದರಿನಿಂದ ಫೋನ್ ಮಾಡಿದಾಗ "ಎಲ್ಲರೂ ಆರಾಮ ಇದ್ದೇವೆ, ಚಂಡಮಾರುತ ನಮ್ಮ ಕಡೆ ಬರಲೇ ಇಲ್ಲ" ಎಂದೆ. ಅದರಲ್ಲಿ ಎರಡನೆಯ ಮಾತು ಮಾತ್ರ ನಿಜ. ಅದು ನಮ್ಮ ಕಡೆ ಬರಲಿಲ್ಲ, ನಾವೇ ಅದರ ಕಡೆ ಹೋಗಿದ್ದೆವು. ಆಮೇಲೆ ನೀವು, ಇನ್ನೂ ಮೂರು ವರ್ಷ ನೌಕಾಪಡೆಯ ಸೇವೆ ಮುಂದುವರಿಸಲು ಸಹಿ ಹಾಕಲೇ, ಜನವರಿ ಹದಿನೈದರೊಳಗೆ ತಿಳಿಸಬೇಕು ಎಂದು ಕೇಳಿದಿರಿ. ನಿಮ್ಮ ಹಿಂದೆ ಫೋನಿಗಾಗಿ ಕಾಯುತ್ತಿದ್ದವರ ಗದ್ದಲ ನನಗೂ ಕೇಳಿಸುತ್ತಿತ್ತು. "ಹಾಕಿ, ನಮಗೇನು ತೊಂದರೆ" ಎಂದುಬಿಟ್ಟೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಇನ್ನೂ ತಿಳಿದಿಲ್ಲ. ಬರೆಯುತ್ತಾ ಹೋದರೆ ತಿಳಿದೀತು ಎಂದು ಕೂತಿದ್ದೇನೆ.

ನಿಮ್ಮ ಸೊಂಟದ ನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀರೋ, ಅಥವಾ ಬೇರೆಯವರೆದುರು ಕಟ್ಟಿಕೊಳ್ಳಲು ಸಂಕೋಚವೋ? ಅತ್ತೆ ಕೊಟ್ಟಿದ್ದ ಶೇಂಗಾ ಚಟ್ನಿಪುಡಿ ಇಷ್ಟೊತ್ತಿಗೆ ಮುಗಿದಿರುತ್ತದೆ, ಮೆಸ್ಸಿನವರಿಗೆಲ್ಲ ಹಂಚಿರುತ್ತೀರಿ. ಸಿಂಧೂರ ಚೆನ್ನಾಗಿದ್ದಾಳೆ. ಅವಳ ಹಾಸ್ಟೆಲ್ ಇಲ್ಲಿಂದ ಹತ್ತಿರವೇ, ಇವತ್ತು ಊಟಕ್ಕೆ ಬಂದಿದ್ದಳು. ಈಗೀಗ ಜಗಳವನ್ನೆಲ್ಲ ತೆಲುಗಿನಲ್ಲಿ ಆಡುತ್ತಾಳೆ, ಅನ್ನ ಸಾರು ಕೇಳುವುದು ಮಾತ್ರ ಕನ್ನಡದಲ್ಲಿ. ನನ್ನ ಕನ್ನಡದ ಬರವಣಿಗೆ ನೋಡಿ ನೀವೂ ನಗಬೇಡಿ. ಮೊದಲು ಇಂಗ್ಲಿಷಿನಲ್ಲೇ ಶುರುಮಾಡಿದ್ದೆ. ಓದಿ ನೋಡಿದರೆ ಆಫೀಸಿನ ವರದಿಯ ಹಾಗಿತ್ತು, ಅದನ್ನು ಬರೆದವಳಿಗೆ ಒಂದಿಷ್ಟೂ ಹೆದರಿಕೆಯಾದಂತೆ ಕಾಣಲಿಲ್ಲ. ಹರಿದು ಹಾಕಿದೆ.

ವಿಶಾಖಪಟ್ಟಣದ ಮನೆ ಬಿಟ್ಟು ನಾವು ವಿಜಯವಾಡದಲ್ಲಿ ಏಕಿದ್ದೇವೆ ಎಂಬುದರಿಂದ ಶುರುಮಾಡಬೇಕು. ಇದು ನಮ್ಮ ಕೆಳಗಿನ ಮನೆಯ ದುರ್ಗಾಭವಾನಿಯ ತವರು. ಕೆಳಗೆ ಒಣಮೆಣಸಿನಕಾಯಿಯ ಸಗಟು ಅಂಗಡಿ, ಮೇಲೆ ಮನೆ. ನಾನೂ ಅತ್ತೆಯೂ ಸೋಮವಾರದಿಂದ ಇಲ್ಲೇ ಇದ್ದೇವೆ. ಅವಳ ತಾಯಿ ಕೋಟೇಶ್ವರಮ್ಮನವರು "ಇದಿ ಮೀ ಇಲ್ಲೇ ಅನುಕೋಂಡಮ್ಮಾ", ನಿಮ್ಮ ಮನೆಯೆಂದೇ ತಿಳಿಯಿರಿ ಎನ್ನುತ್ತಲೇ ಇದ್ದಾರೆ. ಮೆಣಸಿನಕಾಯಿಯ ಘಾಟಿಗೆ ಸೀನಿ ಸೀನಿ ಅತ್ತೆಯೂ ಮನೆಯವರಂತೆಯೇ ಆಗಿದ್ದಾರೆ.

ನಿಮ್ಮ ನಿಯಮ ನೆನಪಿದೆಯಲ್ಲ? ನಾಲ್ಕು ವರ್ಷದ ಹಿಂದೆ ಹುದ್‌ಹುದ್ ಚಂಡಮಾರುತ ಬಂದುಹೋದ ಮೇಲೆ, ಬಾಲ್ಕನಿಯ ಬಾಗಿಲೇ ಇಲ್ಲದ ಮನೆಯಲ್ಲಿ ನಿಂತು ನೀವು ಹೇಳಿಕೊಟ್ಟದ್ದು. ಗಾಳಿಯನ್ನು ಯಾವಾಗಲೂ ನಾಟ್ ಲೆಕ್ಕದಲ್ಲೇ ನೋಡು, ಒಂದು ನಾಟ್ ಎಂದರೆ ಗಂಟೆಗೆ ಸುಮಾರು ಎರಡು ಕಿಲೋಮೀಟರ್. ಇಪ್ಪತ್ತು ದಾಟಿದರೆ ಬಟ್ಟೆ ಒಳಗೆ, ಮೂವತ್ತು ದಾಟಿದರೆ ಕುಂಡ ಒಳಗೆ, ಅರವತ್ತು ದಾಟುತ್ತದೆ ಎಂದರೆ ಊರು ಬಿಡು. ನನ್ನ ಫೋನಿಗೆ ಆ ಹವಾಮಾನದ ಆ್ಯಪ್ ಹಾಕಿ, ಅದನ್ನೂ ನಾಟ್‌ಗೆ ತಿರುಗಿಸಿ ಕೊಟ್ಟಿರಿ. ನಿಮಗೆ ಅದೊಂದು ಲೆಕ್ಕ. ನನಗೆ ಅಷ್ಟೇ ಆಗಿರಲಿಲ್ಲ. ಚಂಡಮಾರುತಕ್ಕೆ ಮೊದಲು ಹಡಗುಗಳನ್ನೆಲ್ಲ ಆಳ ಸಮುದ್ರಕ್ಕೆ ಕಳಿಸುತ್ತಾರೆ, ದಕ್ಕೆಗೆ ಕಟ್ಟಿದರೆ ಬಡಿದು ಒಡೆಯುತ್ತವೆ ಎಂದು ನೀವು ಎಷ್ಟು ಸಲ ವಿವರಿಸಿದರೂ ನನ್ನ ಮನಸ್ಸು ಒಪ್ಪಿಲ್ಲ. ಹುದ್‌ಹುದ್ ದಿನ ನಾನೂ ಸಿಂಧೂರಳೂ ಬಚ್ಚಲುಮನೆಯಲ್ಲಿ ಕೂತಿದ್ದಾಗ, ಗಾಜಿಲ್ಲದ ಕೋಣೆ ಅದೊಂದೇ ಆಗಿತ್ತಲ್ಲ, ಅವಳು ಕೇಳಿದ್ದು ಒಂದೇ ಮಾತು: "ಅಪ್ಪ ಎಲ್ಲಿ ಕೂತಿರ್ತಾರೆ?" ಅದಕ್ಕೇ ಆ ಆ್ಯಪ್‌ನಲ್ಲಿ ನಾನು ವಿಶಾಖಪಟ್ಟಣ, ವಿಜಯವಾಡಗಳ ಜೊತೆಗೆ ಮೂರನೆಯ ಗುರುತೊಂದನ್ನು ಇಟ್ಟಿದ್ದೆ. ಸಮುದ್ರದ ನಡುವೆ, ಸುಮ್ಮನೆ ಬೆರಳು ಊರಿದ ಕಡೆ. ನೀವು ಎಲ್ಲಿದ್ದೀರಿ ಎಂದು ನೀವು ಹೇಳುವಂತಿಲ್ಲ, ನಾನು ಕೇಳುವಂತಿಲ್ಲ. ಆದರೂ ದಿನಾ ಬೆಳಿಗ್ಗೆ ಅಲ್ಲಿ ಹತ್ತು, ಹನ್ನೆರಡು ಎಂದು ನೋಡಿದ ಮೇಲೆಯೇ ನಾನು ಚಹಾಕ್ಕಿಡುತ್ತಿದ್ದದ್ದು. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಈ ವರ್ಷ ದಸರಾ ಕಳೆದ ಮೇಲೆ ಆ ಆ್ಯಪ್ ತಾನೇ ಅಪ್‌ಡೇಟ್ ಆಯಿತು. ಮೊದಲು ನೀಲಿಯ ಮೇಲೆ ಬಿಳಿ ಅಕ್ಷರವಿತ್ತು. ಈಗ ಬಿಳಿಯ ಮೇಲೆ ಬೂದಿ ಬಣ್ಣ, ಅದೂ ಇರುವೆಯಷ್ಟು. ಕರಾವಳಿಯುದ್ದಕ್ಕೂ ಬಾಣಗಳು ಹರಿಯುತ್ತಿದ್ದ ನಕ್ಷೆ ಚಂದಾ ಕಟ್ಟಿದವರಿಗೆ ಮಾತ್ರ. ಅದರ ಬದಲು ನಗುವ ಮೋಡ, ಕೊಡೆ ಹಿಡಿದ ಕಪ್ಪೆ. ನನ್ನ ಸಮುದ್ರದ ಗುರುತು ಹೋಗಿತ್ತು. ಮತ್ತೆ ಇಡಲು ಹೋದರೆ ಇಲ್ಲಿ ಯಾವ ಊರೂ ಇಲ್ಲ, ಊರಿನ ಹೆಸರು ಹಾಕಿ ಎಂದಿತು. ಎಷ್ಟು ಸಲ ಬೆರಳೂರಿದರೂ ಅದೇ ಉತ್ತರ. ನನ್ನ ಗೊಣಗಾಟ ಕೇಳಿ ಅತ್ತೆ, "ನಮ್ಮ ಪಂಚಾಂಗ ಚಲೋ ನೋಡವಾ. ಸುಳ್ಳು ಹೇಳಿದ್ರೂ ವರ್ಷಪೂರ್ತಿ ಒಂದೇ ಸುಳ್ಳು ಹೇಳತೈತಿ" ಎಂದರು. ನಕ್ಕೆ. ಆದರೆ ಅವತ್ತಿನಿಂದ ಬೆಳಿಗ್ಗೆ ಏಳುತ್ತಲೇ ಹೆದರಿಕೆ, ಯಾವುದಕ್ಕೆ ಎಂದು ತಿಳಿಯದ ಹೆದರಿಕೆ.

ಅದೇ ಸ್ಥಿತಿಯಲ್ಲಿ ಫೆಥಾಯ್ ಚಂಡಮಾರುತ ಬಂತು. ಟಿವಿಯವರು ಕಾಕಿನಾಡದ ಕಡೆ ಎನ್ನುತ್ತಲೇ ಇದ್ದರು. ಆದರೆ ಟಿವಿಯಲ್ಲಿ ಎಲ್ಲರೂ ಕೂಗುತ್ತಿರುತ್ತಾರೆ, ನಿಮ್ಮ ನಿಯಮ ಮಾತ್ರ ಮೆಲ್ಲಗೆ ಮಾತಾಡುತ್ತದೆ. ಹದಿನೇಳನೇ ತಾರೀಖು ಬೆಳಿಗ್ಗೆ ಆ್ಯಪ್ ತೆರೆದೆ. ವಿಶಾಖಪಟ್ಟಣ, ರಾತ್ರಿಯ ಹೊತ್ತಿಗೆ ಅರವತ್ತೆರಡು. ವಿಜಯವಾಡ, ಇಪ್ಪತ್ತೆರಡು. ನಡುವೆ ಏನೂ ಇಲ್ಲ, ನಡುದಾರಿಯಲ್ಲಿರುವ ಕಾಕಿನಾಡದ ಕಡೆಯ ಊರುಗಳನ್ನು ನಾನು ಅದರಲ್ಲಿ ಹುಡುಕಿರಲೂ ಇಲ್ಲ. ನನಗೆ ಬಚ್ಚಲುಮನೆ ನೆನಪಾಯಿತು. ಈ ಸಲ ಎಪ್ಪತ್ತಾರರ ಅತ್ತೆಯನ್ನು ಆ ನೆಲದ ಮೇಲೆ ಕೂರಿಸಬೇಕೇ? ಮಗಳು ಹೇಗೂ ವಿಜಯವಾಡದಲ್ಲಿದ್ದಾಳೆ, ಮೂವರೂ ಒಂದೇ ಕಡೆ ಇರೋಣ ಎಂದುಕೊಂಡೆ. ರೈಲುಗಳು ರದ್ದಾಗುತ್ತಿದ್ದವು. ದುರ್ಗಾಭವಾನಿ "ಇಷ್ಟು ಆತುರ ಏಕೆ ವದಿನಾ, ಇಲ್ಲಿ ಎಲೆಯೂ ಅಲ್ಲಾಡುತ್ತಿಲ್ಲ" ಎಂದಳು. ಆದರೂ ನನ್ನ ಮುಖ ನೋಡಿ, ತನಗೆ ಪರಿಚಯದ ಸೂರ್ಯಪ್ರಕಾಶ್ ಅವರ ಟ್ಯಾಕ್ಸಿಯನ್ನು ಗೊತ್ತುಮಾಡಿ, ತವರಿಗೆ ಫೋನೂ ಮಾಡಿದಳು.

ಹೊರಟ ಮೇಲೆ ತುನಿ ಎಂಬ ಊರಿನವರೆಗೆ ಬರೀ ಮಳೆ. ಆಮೇಲೆ ಮಳೆ ಅಡ್ಡಡ್ಡ ಬರತೊಡಗಿತು. ತಾಳೆಮರಗಳ ತಲೆಗಳೆಲ್ಲ ಒಂದೇ ಕಡೆಗೆ, ಯಾರೋ ಕೂದಲು ಹಿಡಿದು ಎಳೆದಂತೆ. ಲಾರಿಗಳು ಪಕ್ಕಕ್ಕೆ ಸಾಲಾಗಿ ನಿಂತಿದ್ದವು. ಸೂರ್ಯಪ್ರಕಾಶ್ ಗಾಡಿ ನಿಧಾನ ಮಾಡಿ "ಕಷ್ಟಂ ಅಂಡಿ ಮೇಡಂಗಾರು, ಹಿಂದಕ್ಕೆ ಹೋಗೋಣವಾ" ಎಂದರು. ನಾನು ಫೋನು ನೋಡಿ, ಮುಂದೆ ಹೋದಷ್ಟೂ ಕಡಿಮೆಯಾಗುತ್ತದೆ, ಹಿಂದೆ ಹೋದರೆ ಅರವತ್ತೆರಡು ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ ಎಂದರೆ ಆ ಮನುಷ್ಯ ನನ್ನ ಮಾತು ನಂಬಿದರು. ಅನ್ನವರಂ ದಾಟಿದ ಮೇಲೆ ನಮ್ಮ ಮುಂದೆಯೇ ಹುಣಸೆಮರವೊಂದು ರಸ್ತೆಗೆ ಅಡ್ಡ ಬಿತ್ತು. ಸದ್ದೇ ಕೇಳಿಸಲಿಲ್ಲ, ಗಾಳಿಯ ಸದ್ದು ಅಷ್ಟಿತ್ತು. ಪಕ್ಕದಲ್ಲೊಂದು ಕಲ್ಯಾಣ ಮಂಟಪ. ಧನುರ್ಮಾಸವಾದ್ದರಿಂದ ಮದುವೆಗಳಿಲ್ಲದೆ ಖಾಲಿ ಇತ್ತು, ಕಾವಲಿನವರು ಗೇಟು ತೆಗೆದರು. ಕಾರಿನಿಂದ ಜಗಲಿಗೆ ನಮ್ಮ ಬಾಲ್ಕನಿಯಿಂದ ಅಡುಗೆಮನೆಗೆ ಇರುವಷ್ಟೇ ದೂರ. ಅತ್ತೆಯ ಕೈ ಹಿಡಿದು ಓಡಿದೆ. ಮಾಡಿನ ತಗಡೊಂದು ಕಿತ್ತುಕೊಂಡು ನಮ್ಮ ತಲೆಯ ಮೇಲೆಯೇ ಹಾರಿತು. ನಾನು ತಲೆ ಮುಚ್ಚಿಕೊಳ್ಳಲು ಎರಡೂ ಕೈ ಎತ್ತಿದೆ.

ಅತ್ತೆಯ ಕೈಯನ್ನು ನಾನು ಬಿಟ್ಟೆ. ಗಾಳಿ ಅವರನ್ನು ಮೆಟ್ಟಿಲಿನ ಮೇಲೆ ಕೆಡವಿತು. ಬಲಗೈ ಮಣಿಕಟ್ಟು ಮುರಿದಿದೆ. ವಿಜಯವಾಡದಲ್ಲಿ ಪ್ಲಾಸ್ಟರ್ ಹಾಕಿದ್ದಾರೆ, ಮೂಳೆ ನೇರವಾಗಿ ಕೂತಿದೆ, ಫೆಬ್ರವರಿಯ ಹೊತ್ತಿಗೆ ತೆಗೆಯುತ್ತಾರಂತೆ. ಜೀವಕ್ಕೆ ಏನೂ ಅಪಾಯವಿಲ್ಲ. ಈ ಸಾಲನ್ನು ನೀವು ಎರಡು ಸಲ ಓದಿಕೊಳ್ಳಿ, ಇದು ಫೋನಿನ "ಆರಾಮ" ಅಲ್ಲ.

ಮಂಟಪದ ಒಳಗೆ, ವಧುವಿನ ಕೋಣೆಯಲ್ಲಿ ಅತ್ತೆಯನ್ನು ಮಲಗಿಸಿ, ಹತ್ತಿರದ ಆಸ್ಪತ್ರೆ ಹುಡುಕಲು ಫೋನು ತೆಗೆದೆ. ಅಕ್ಷರ ಕಾಣುತ್ತಿರಲಿಲ್ಲ. ಅತ್ತೆ "ತೊಗೋ" ಎಂದು ತಮ್ಮ ಪಂಚಾಂಗ ಓದುವ ಕನ್ನಡಕ ಕೊಟ್ಟರು. ನನಗೆ ಕನ್ನಡಕ ಬೇಕಿಲ್ಲ ಎಂದು ನಿಮ್ಮ ಜೊತೆ ವಾದಿಸಿದವಳು ನಾನೇ. ಹಾಕಿಕೊಂಡೆ. ಅಭ್ಯಾಸದಿಂದ ಬೆರಳು ಹವಾಮಾನದ ಮೇಲೇ ಹೋಯಿತು. ಅರವತ್ತೆರಡರ ಕೆಳಗೆ, ಬೂದಿ ಬಣ್ಣದಲ್ಲಿ, ಗಂಟೆಗೆ ಕಿಲೋಮೀಟರ್ ಎಂದಿತ್ತು. ಅಪ್‌ಡೇಟ್ ಆದಾಗ ನೀವು ಇಟ್ಟುಕೊಟ್ಟಿದ್ದ ನಾಟ್ ಕೂಡ ಹೋಗಿತ್ತು. ಅರವತ್ತೆರಡು ಕಿಲೋಮೀಟರ್ ಎಂದರೆ ಮೂವತ್ಮೂರು ನಾಟ್. ನಿಮ್ಮ ನಿಯಮದಲ್ಲಿ ಅದು ಕುಂಡಗಳನ್ನು ಒಳಗಿಟ್ಟು ಬಾಗಿಲು ಹಾಕಿಕೊಳ್ಳುವ ಗಾಳಿ. ಊರಲ್ಲಿ ಬೇರೆ ಯಾರೂ ಈ ತಪ್ಪು ಮಾಡಿರಲಾರರು. ಬೇರೆ ಯಾರ ಮನೆಯಲ್ಲೂ ಗಾಳಿಯನ್ನು ನಾಟ್‌ನಲ್ಲಿ ಓದುವುದಿಲ್ಲ.

ಅತ್ತೆಗೆ ಹೇಳಿದೆ. "ಹಂಗಾರ ಮನ್ಯಾಗ ಕುಂತು ಚಾ ಕುಡೀಬಹುದಿತ್ತು ಅನ್ನು" ಎಂದರು. ನಗಲು ಹೋಗಿ ಕೈ ನೊಂದು ನರಳಿದರು. ಆಮೇಲೆ ಇನ್ನೊಂದು ಕೈಯಿಂದ ನನ್ನ ಸೆರಗು ಹಿಡಿದು, "ಪುಂಡಲೀಕಗ ಹೇಳಬ್ಯಾಡ. ನೀರ ಮ್ಯಾಲ ಇದ್ದಾನ" ಎಂದರು. ಆ ಮಾತನ್ನೇ ಗುರುವಾರದವರೆಗೆ ನೆಪ ಮಾಡಿಕೊಂಡೆ. ರಸ್ತೆ ತೆರವಾಗಿ ಇಲ್ಲಿಗೆ ಬಂದ ಮೇಲೆ ದುರ್ಗಾಭವಾನಿಗೆ ಫೋನ್ ಮಾಡಿದರೆ, ನಮ್ಮ ಕರಿಬೇವಿನ ಕುಂಡ ಇಟ್ಟಲ್ಲೇ ಇದೆ ಎಂದಳು.

ಸಿಟ್ಟಿನಲ್ಲಿ ಆ ಆ್ಯಪ್‌ನವರಿಗೆ ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಹೊಸ ವಿನ್ಯಾಸ ನಿಮಗೆ ಕ್ರಮೇಣ ಇಷ್ಟವಾಗುತ್ತದೆ ಎಂದು ಉತ್ತರ ಬಂತು. ಶುಕ್ರವಾರ ಮತ್ತೊಂದು ಅಪ್‌ಡೇಟ್. ಈಗ ಅಂಕಿಯೇ ಇಲ್ಲ. "ಗಾಳಿ: ಸ್ವಲ್ಪ ಜೋರು" ಎಂದು ಬರೆದು ಪಕ್ಕದಲ್ಲೊಂದು ಎಲೆಯ ಚಿತ್ರ. ಸಿಂಧೂರ ಅದನ್ನು ತೆಗೆದುಹಾಕು ಎಂದು ಇವತ್ತು ಗದರಿದಳು. "ಅಮ್ಮಾ, ಟಿವಿನಲ್ಲಿ ಹೇಳ್ತಾನೇ ಇದ್ರಲ್ಲ, ನೀನು ಯಾಕೆ ಯಾರನ್ನೂ ಕೇಳಲಿಲ್ಲ?" ಇದಕ್ಕೆ ಉತ್ತರ, ಬರೆಯುತ್ತಾ ಈಗ ಸ್ವಲ್ಪ ಹೊಳೆಯುತ್ತಿದೆ. ತಪ್ಪು ಪೂರ್ತಿ ಆ ಆ್ಯಪ್‌ನದಲ್ಲ. ಓದುವ ಮೊದಲೇ ನಾನು ಹೆದರಿದ್ದೆ. ಎಷ್ಟೋ ವರ್ಷಗಳಿಂದ ನೀವಿಲ್ಲದಾಗ ಆ ಅಂಕಿಗಳನ್ನೇ ನಿಮ್ಮ ಮಾತು ಎಂದುಕೊಂಡು ಬಾಳಿದ್ದೇನೆ. ಅಂಕಿ ಅರವತ್ತೆರಡು ಎಂದಾಗ ನನಗೆ ಕೇಳಿಸಿದ್ದು ನಿಮ್ಮ ದನಿಯಲ್ಲಿ "ಊರು ಬಿಡು".

ಈಗಲೂ ಹೆದರಿಕೆ ಹೋಗಿಲ್ಲ. ಕೆಳಗೆ ಅಂಗಡಿಯವರು ಗೋಣಿಚೀಲ ಕೊಡವಿದರೂ ತಲೆ ಮುಚ್ಚಿಕೊಳ್ಳುತ್ತೇನೆ. ಆ ದಾರಿಯಲ್ಲಿ ವಾಪಸು ಹೋಗಲು ಧೈರ್ಯ ಸಾಲದೆ, ಅತ್ತೆಯ ಕೈಯ ನೆಪ ಹೇಳಿ ಇಲ್ಲೇ ಕೂತಿದ್ದೇನೆ. ಹೆದರಿಕೆಯಲ್ಲಿ ಮಾಡಿದ ತೀರ್ಮಾನ ಒಮ್ಮೆ ತಪ್ಪಾಗಿದೆ. ನಿಮ್ಮ ಸಹಿಯ ವಿಷಯದಲ್ಲೂ ಹಾಗೇ ಆಗಬಾರದು ಎಂದು ನನಗೆ ನಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೇನೆ.

ಅತ್ತೆ ಎಡಗೈಯಿಂದಲೇ ನಿಮ್ಮ ತಲೆ ಸವರಿದಂತೆ ಗಾಳಿಯಲ್ಲಿ ಸವರಿ, ಆಶೀರ್ವಾದ ಬರೆ ಎಂದರು. ಬರೆದಿದ್ದೇನೆ. ಈ ಪತ್ರದಲ್ಲಿ ಅವರ ಕೈಯ ವಿಷಯವೂ ಇದೆ ಎಂದು ಅವರಿಗೆ ಹೇಳಿಲ್ಲ. ಸಿಂಧೂರಳ ಮುತ್ತುಗಳು. ಬೆಲ್ಟ್ ಕಟ್ಟಿಕೊಳ್ಳಿ.

ನಿಮ್ಮ
ವಿಜಯಲಕ್ಷ್ಮೀ

ಮರೆಯುವ ಮುಂಚೆ: ಸಹಿ ಹಾಕಬೇಡಿ. ನೀವಿದ್ದಿದ್ದರೆ ಅಂಕಿಯನ್ನು ಸರಿಯಾಗಿ ಓದುತ್ತಿದ್ದಿರಿ ಎಂದಲ್ಲ. ನೀವೂ ತಪ್ಪು ಓದಬಹುದು, ನಿಮಗೂ ನಲವತ್ತೆಂಟು ದಾಟಿತು. ಆದರೆ ಒಬ್ಬರು ಓದುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು "ತಡಿ, ಇನ್ನೊಮ್ಮೆ ನೋಡು" ಎನ್ನಬೇಕು. ಓಡುವಾಗ ಅತ್ತೆಯ ಇನ್ನೊಂದು ಕೈ ಹಿಡಿಯಲು ಒಬ್ಬರು ಬೇಕು. ಇದನ್ನು ಹೆದರಿಕೆಯಿಂದಲೇ ಬರೆಯುತ್ತಿದ್ದೇನೆ, ಆದರೆ ಈ ಸಲ ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ. ಪತ್ರವನ್ನು ಇಲ್ಲಿಂದ ಹಾಕಬಹುದಿತ್ತು, ಹಾಕುವುದಿಲ್ಲ. ಬುಧವಾರ ಬೆಳಿಗ್ಗೆ, ಫೋನು ನೋಡದೆ, ಅತ್ತೆಯನ್ನು ಕರೆದುಕೊಂಡು ಅದೇ ದಾರಿಯಲ್ಲಿ ಮನೆಗೆ ಹೊರಡುತ್ತೇನೆ. ಇದು ನಿಮ್ಮ ಕೈ ಸೇರಿತೆಂದರೆ ನಾವು ಆ ದಾರಿ ದಾಟಿದೆವು ಎಂದು ತಿಳಿಯಿರಿ. ಅಂಚೆಗೆ ಹಾಕುವುದು ವಿಶಾಖಪಟ್ಟಣದ ನಮ್ಮ ಎಂವಿಪಿ ಕಾಲೋನಿಯಲ್ಲಿ, ೨೭ ಡಿಸೆಂಬರ್ ೨೦೧೮, ಗುರುವಾರ.