ಅಕ್ಕ ಪಾತ್ರೆ ತೊಳೆದಳು

ಮಾರ್ಚ್ ೧೨, ಬುಧವಾರ



ಈ ಬಾಡಿಗೆ ಮನೆ ಹಿಡಿದಾಗ ಕಟ್ಟಳೆ ಮಾಡಿದ್ದು ಅಕ್ಕನೇ. ಒಡಹುಟ್ಟಿದವಳಲ್ಲ, ಜೊತೆಗಿರುವವಳು. ದುಡಿಯುವ ಅವಳು ಕರೆಂಟು, ಗ್ಯಾಸಿಗೆ ಎರಡು ಪಾಲು ಹಾಕಬೇಕು; ಓದುವ ನಾನು ಒಂದು ಪಾಲು ಹಾಕಿ ಪಾತ್ರೆ ತೊಳೆಯಬೇಕು. ಇವತ್ತು ಬೆಳಗ್ಗೆ ಕೂಡ ಗೊಣಗಿದ್ದೆ, ‘ದಿನಾ ಅಂಗಡಿ ಯೂನಿಫಾರಂ ಇಸ್ತ್ರಿ ಮಾಡೋದು ನೀನು, ಆ ಕರೆಂಟಿಗೆ ನಾನ್ಯಾಕೆ ಕೊಡ್ಲಿ?’ ಅಕ್ಕ ನಕ್ಕು ಹೊರಟಿದ್ದಳು.

ರಾತ್ರಿ ಊಟವಾದದ್ದೇ ತಡ, ಅವಳೇ ಸಿಂಕಿನ ಮುಂದೆ ನಿಂತಳು.

‘ಅಕ್ಕಾ, ಪಾತ್ರೆ ನನ್ನ ಪಾಲು.’

‘ಇನ್ಮೇಲೆ ಎಲ್ಲಾ ಸಮಪಾಲು ಕಣೇ.’ ತಿರುಗಲಿಲ್ಲ. ‘ಕೆಲಸ ಹೋಗಿ ತಿಂಗಳಾಯ್ತು.’

ಪೆದ್ದಿಯ ಹಾಗೆ ಒಂದೇ ತಟ್ಟೆಯನ್ನು ಒರೆಸುತ್ತಾ ನಿಂತಿದ್ದೆ.

ಹಾಗಾದ್ರೆ ದಿನಾ ಬೆಳಗ್ಗೆ ಆ ಯೂನಿಫಾರಂ ಅಷ್ಟು ನೀಟಾಗಿ ಇಸ್ತ್ರಿ ಮಾಡಿ, ತೊಟ್ಟುಕೊಂಡು, ಅವಳು ಹೋಗ್ತಿದ್ದದ್ದು ಎಲ್ಲಿಗೆ?